ಅಧಿಕಾರ ಇಲ್ಲದೆ ಡೆವ್‌ಆಪ್ಸ್ ತರುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೈಯಲ್ಲಿ ಬಜೆಟ್ ಇಲ್ಲ, ಯಾರಿಗೂ ಹೀಗೇ ಮಾಡಿ ಅಂತ ಹೇಳುವ ಹಕ್ಕಿಲ್ಲ, ಆದರೆ ರಿಲೀಸ್ ದಿನ ಹತ್ತಿರ ಬಂದರೆ ಹೊಟ್ಟೆಯೊಳಗೆ ಸಂಕಟ ಶುರುವಾಗುತ್ತದೆ. ಅಂಥ ಡೆವಲಪರ್‌ಗಳು, ಟೆಸ್ಟರ್‌ಗಳು, ಸಿಸ್ಟಮ್ ಅಡ್ಮಿನ್‌ಗಳು ಕೇಳುವ ಪ್ರಶ್ನೆಗಳಿವು. ಉತ್ತರಗಳೂ ಅವರಿಗಾಗಿಯೇ. ಡೆವ್‌ಆಪ್ಸ್ ಅಂದರೆ ಸಾಫ್ಟ್‌ವೇರ್ ಬರೆಯುವವರು (ಡೆವಲಪ್‌ಮೆಂಟ್) ಮತ್ತು ಅದನ್ನು ನಡೆಸುವವರು (ಆಪರೇಷನ್ಸ್) ಒಟ್ಟಿಗೆ ಕೆಲಸ ಮಾಡಿ, ಬದಲಾವಣೆಗಳನ್ನು ಬೇಗ, ಸುರಕ್ಷಿತವಾಗಿ ಬಳಕೆದಾರರಿಗೆ ತಲುಪಿಸುವ ರೀತಿ.

ನಾನು ಸಾಮಾನ್ಯ ಇಂಜಿನಿಯರ್. ಮೇಲಿನವರ ಬೆಂಬಲ ಇಲ್ಲದೆ ಇದು ಆಗುತ್ತದಾ?

ಒಂದು ಮಟ್ಟದವರೆಗೆ ಖಂಡಿತ ಆಗುತ್ತದೆ. ಆ ಮಟ್ಟ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಇದೆ.

ಡೆವ್‌ಆಪ್ಸ್ ಬೆಳೆದಿದ್ದೇ ಕೆಲಸ ಮಾಡುವವರ ನಡುವಿನಿಂದ. 2009ರ ಜೂನ್‌ನಲ್ಲಿ ವೆಲಾಸಿಟಿ ಸಮ್ಮೇಳನದಲ್ಲಿ ಫೋಟೋ ಹಂಚುವ ತಾಣ ಫ್ಲಿಕರ್‌ನ ಜಾನ್ ಆಲ್ಸ್‌ಪಾ ಮತ್ತು ಪಾಲ್ ಹ್ಯಾಮಂಡ್ ಒಟ್ಟಿಗೆ ವೇದಿಕೆ ಹತ್ತಿದರು. ಒಬ್ಬರು ಆಪರೇಷನ್ಸ್ ಕಡೆಯವರು, ಇನ್ನೊಬ್ಬರು ಡೆವಲಪ್‌ಮೆಂಟ್ ಕಡೆಯವರು. ದಿನಕ್ಕೆ ಹತ್ತಕ್ಕೂ ಹೆಚ್ಚು ಸಲ ಡಿಪ್ಲಾಯ್ ಮಾಡುವುದು (ಹೊಸ ಕೋಡ್ ಅನ್ನು ಸರ್ವರ್‌ಗೆ ಹಾಕಿ ಬಳಕೆಗೆ ಬಿಡುವುದು) ತಮಗೆ ಹೇಗೆ ಸಾಧ್ಯವಾಯಿತು ಅಂತ ವಿವರಿಸಿದರು. ಬೆಲ್ಜಿಯಂನಲ್ಲಿದ್ದ ಪ್ಯಾಟ್ರಿಕ್ ಡೆಬ್ವಾ ಅದನ್ನು ದೂರದಿಂದಲೇ ನೋಡಿ, ಅದೇ ವರ್ಷ ಅಕ್ಟೋಬರ್‌ನಲ್ಲಿ ಘೆಂಟ್ ನಗರದಲ್ಲಿ ಮೊದಲ ಡೆವ್‌ಆಪ್ಸ್‌ಡೇಸ್ ಸಮ್ಮೇಳನ ನಡೆಸಿದರು. ಯಾವ ದೊಡ್ಡ ಕಂಪನಿಯ ಆದೇಶವೂ ಅದರ ಹಿಂದೆ ಇರಲಿಲ್ಲ.

ನಿಮ್ಮಿಂದ ಆಗದ ಕೆಲಸಗಳೂ ಇವೆ. ತಂಡಗಳನ್ನು ಹೊಸದಾಗಿ ಹಂಚುವುದು, ಅಪ್ರೈಸಲ್ ನಿಯಮ ಬದಲಿಸುವುದು, ದುಡ್ಡು ಮಂಜೂರು ಮಾಡುವುದು ನಿಮ್ಮ ಕೈಯಲ್ಲಿಲ್ಲ. ಅವುಗಳ ಬಗ್ಗೆ ಕೊರಗುತ್ತಾ ಕೂತರೆ ಕೈಯಲ್ಲಿರುವುದೂ ಹಾಗೇ ಉಳಿಯುತ್ತದೆ. ನಿಮ್ಮ ಕೋಡ್, ನಿಮ್ಮ ಬಿಲ್ಡ್, ನಿಮ್ಮ ಟೆಸ್ಟ್, ನಿಮ್ಮ ಸ್ಕ್ರಿಪ್ಟ್, ಪಕ್ಕದ ತಂಡದವರ ಜೊತೆ ನೀವು ಆಡುವ ಮಾತು ಇವಿಷ್ಟೂ ನಿಮ್ಮವೇ.

ಎಲ್ಲಿಂದ ಶುರು ಮಾಡಲಿ?

ಇತ್ತೀಚೆಗೆ ಪ್ರೊಡಕ್ಷನ್‌ಗೆ (ಬಳಕೆದಾರರು ನಿಜವಾಗಿ ಬಳಸುವ ಸಿಸ್ಟಮ್‌ಗೆ) ಹೋದ ಒಂದೇ ಒಂದು ಸಣ್ಣ ಬದಲಾವಣೆ ತಗೊಳ್ಳಿ. ಕಮಿಟ್ ಆದ (ಕೋಡ್ ದಾಖಲಾದ) ಗಳಿಗೆಯಿಂದ ಬಳಕೆದಾರರ ಕೈಗೆ ಸಿಗುವವರೆಗೆ ಅದು ಎಲ್ಲೆಲ್ಲಿ ಹೋಯಿತು, ಯಾರ ಹತ್ತಿರ ಎಷ್ಟು ಹೊತ್ತು ಕೂತಿತ್ತು ಅಂತ ಬರೆದಿಡಿ. ಟಿಕೆಟ್‌ನಲ್ಲಿ ದಿನಾಂಕ ಇರುತ್ತದೆ, ಕೋಡ್ ಬದಲಾವಣೆಗಳ ದಾಖಲೆ ಇಡುವ ಗಿಟ್‌ನ ಲಾಗ್‌ನಲ್ಲಿ ಸಮಯ ಇರುತ್ತದೆ, ಉಳಿದಿದ್ದು ಇಮೇಲ್‌ನಲ್ಲಿ ಸಿಗುತ್ತದೆ. ಕೆಲಸ ನಡೆದ ಸಮಯ ಒಂದು ಕಾಲಂ, ಸುಮ್ನೆ ಕಾದ ಸಮಯ ಇನ್ನೊಂದು ಕಾಲಂ. ಹೆಚ್ಚಿನ ಕಡೆ ಎರಡನೇ ಕಾಲಂ ಮೊದಲನೆಯದನ್ನು ನುಂಗಿಹಾಕಿರುತ್ತದೆ. ಎರಡು ಗಂಟೆಯಲ್ಲಿ ಬರೆದ ಕೋಡ್ ಮೂರು ವಾರ ಸಾಲಿನಲ್ಲಿ ನಿಂತಿದ್ದನ್ನು ಒಂದು ಹಾಳೆಯ ಮೇಲೆ ನೋಡಿದರೆ ವಾದ ಮಾಡುವ ಅಗತ್ಯವೇ ಬೀಳುವುದಿಲ್ಲ.

ಇದಕ್ಕೆ ಯಾರ ಅನುಮತಿಯೂ ಬೇಡ. ಆದರೆ ಯಾರ ತಪ್ಪು ಅನ್ನುವ ಕಾಲಂ ಮಾತ್ರ ಹಾಕಬೇಡಿ. ಹಾಕಿದರೆ ಆ ಹಾಳೆಯನ್ನು ಮುಂದೆ ಯಾರೂ ನಂಬುವುದಿಲ್ಲ.

ಆಮೇಲೆ ಒಂದು ನೋವು ಆರಿಸಿಕೊಳ್ಳಿ. ಅದು ನಿಮಗಷ್ಟೇ ಅಲ್ಲದೆ ಬೇರೆಯವರಿಗೂ ನೋವು ಕೊಡುತ್ತಿರಬೇಕು, ನೀವು ಮುಟ್ಟಬಹುದಾದ ಜಾಗದಲ್ಲಿರಬೇಕು, ಕೆಲವು ವಾರಗಳಲ್ಲಿ ಫಲ ಕಾಣುವಂತಿರಬೇಕು. ಟೆಸ್ಟ್ ಎನ್ವಿರಾನ್‌ಮೆಂಟ್ ಕಟ್ಟಲು ಪ್ರತಿ ಸಲ ನಾಲ್ಕು ಜನರನ್ನು ಹುಡುಕಬೇಕು ಅನ್ನುವುದು ಒಳ್ಳೆ ಆಯ್ಕೆ. ಡಿಪ್ಲಾಯ್ ಮಾಡುವ ವಿಧಾನ ಎಕ್ಸೆಲ್ ಶೀಟ್‌ನಲ್ಲಿದೆ, ಅದನ್ನು ನೋಡಿ ಒಬ್ಬರು ಕೈಯಲ್ಲೇ ಟೈಪ್ ಮಾಡುತ್ತಾರೆ ಅನ್ನುವುದು ಇನ್ನೂ ಒಳ್ಳೆ ಆಯ್ಕೆ. ಕಂಪನಿಯ ಅತಿ ಮುಖ್ಯ ಸಿಸ್ಟಮ್‌ಗೆ ಮೊದಲೇ ಕೈ ಹಾಕಬೇಡಿ. ಹಾಗಂತ ಯಾರೂ ಬಳಸದ ಮೂಲೆಯ ಅಪ್ಲಿಕೇಶನ್ ಆರಿಸಿಕೊಂಡರೂ ಪ್ರಯೋಜನವಿಲ್ಲ. "ಅದು ಆಟಿಕೆ, ನಮ್ಮದರಲ್ಲಿ ಇದೆಲ್ಲ ನಡೆಯಲ್ಲ" ಅಂತ ತಳ್ಳಿಹಾಕುತ್ತಾರೆ.

ಆಪರೇಷನ್ಸ್ ತಂಡ ಎಲ್ಲದಕ್ಕೂ ಬೇಡ ಅನ್ನುತ್ತದೆ. ಏನು ಮಾಡಲಿ?

ನನ್ನ ಪ್ರಕಾರ ಇಡೀ ವಿಷಯ ಇರುವುದೇ ಇಲ್ಲಿ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬೇಡ ಅಂದವರ ಬಗ್ಗೆ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಬದಲಾವಣೆ ಕೆಟ್ಟರೆ ರಾತ್ರಿ ಎರಡು ಗಂಟೆಗೆ ಯಾರ ಫೋನ್ ಬಡಿಯುತ್ತದೆ? ಮರುದಿನ ಮೀಟಿಂಗ್‌ನಲ್ಲಿ ಯಾರು ಉತ್ತರ ಕೊಡಬೇಕು? ಡೆವಲಪರ್‌ಗೆ ಹೊಸ ಫೀಚರ್ ಕೊಟ್ಟಿದ್ದಕ್ಕೆ ಹೊಗಳಿಕೆ ಸಿಗುತ್ತದೆ. ಆಪರೇಷನ್ಸ್‌ನವರಿಗೆ ಎಲ್ಲ ಸರಿಯಾಗಿ ನಡೆದಾಗ ಯಾರೂ ಏನೂ ಹೇಳುವುದಿಲ್ಲ, ಸಿಸ್ಟಮ್ ಬಿದ್ದಾಗ ಎಲ್ಲರೂ ಕೇಳುತ್ತಾರೆ. ಹೀಗಿರುವಾಗ ಪ್ರತಿ ಬದಲಾವಣೆಯೂ ಅವರಿಗೆ ಬರೀ ಅಪಾಯವಾಗಿಯೇ ಕಾಣುತ್ತದೆ. ಅವರು ಬೇಡ ಅನ್ನುವುದಕ್ಕೆ ಸರಿಯಾದ ಕಾರಣವಿದೆ. ಅದನ್ನು ಹಳೆ ಕಾಲದ ಮನಸ್ಸು ಅಂತ ಕರೆದರೆ ನೀವು ಒಂದು ಒಳ್ಳೆ ಸುದ್ದಿಮೂಲ ಕಳೆದುಕೊಂಡಂತೆ.

ಅಧಿಕಾರ ಇಲ್ಲದವರು ಮಾಡಬಹುದಾದ ಅತಿ ದೊಡ್ಡ ಕೆಲಸ ಅಂದರೆ ಬೇಡ ಅನ್ನುವವರ ತಲೆ ಮೇಲಿನ ಅಪಾಯವನ್ನು ಇಳಿಸುವುದು. ಅವರ ಹತ್ತಿರ ಹೋಗಿ ಡೆವ್‌ಆಪ್ಸ್ ಅಂದರೇನು ಅಂತ ಪಾಠ ಮಾಡಬೇಡಿ. ಮುಂದಿನ ರಿಲೀಸ್‌ಗೆ ಅವರ ಪಕ್ಕದಲ್ಲಿ ಕೂರುತ್ತೇನೆ ಅನ್ನಿ. ಅವರು ಏನೇನು ಟೈಪ್ ಮಾಡುತ್ತಾರೆ, ಎಲ್ಲಿ ಉಸಿರು ಬಿಗಿ ಹಿಡಿಯುತ್ತಾರೆ, ಯಾವ ಲಾಗ್ ಅರ್ಥವಾಗದೆ ಡೆವಲಪರ್‌ಗೆ ಫೋನ್ ಮಾಡುತ್ತಾರೆ, ನೋಡಿ. ನಿಮ್ಮ ಕೋಡ್‌ನಿಂದ ಬರುವ "ಅನ್‌ನೋನ್ ಎರರ್" ಅನ್ನುವ ಸಂದೇಶಕ್ಕೆ ಅವರ ಎಷ್ಟು ರಾತ್ರಿಗಳು ಹೋಗಿವೆ ಅಂತ ಅಲ್ಲಿ ಕೂತಾಗಲೇ ಗೊತ್ತಾಗುವುದು. ವಾಪಸ್ ಬಂದು ಮೊದಲು ಅದನ್ನು ಸರಿಮಾಡಿ. ಲಾಗ್ ಸಂದೇಶ ಸ್ಪಷ್ಟ ಮಾಡಿ, ಸೇವೆ ಸರಿಯಾಗಿ ಓಡುತ್ತಿದೆಯಾ ಅಂತ ನೋಡುವ ಹೆಲ್ತ್ ಚೆಕ್ ಸೇರಿಸಿ, ರೋಲ್‌ಬ್ಯಾಕ್ (ಹಳೆ ವರ್ಷನ್‌ಗೆ ವಾಪಸ್ ಹೋಗುವುದು) ಒಂದೇ ಕಮಾಂಡ್‌ನಲ್ಲಿ ಆಗುವ ಹಾಗೆ ಮಾಡಿ ಅವರ ಎದುರಿಗೇ ಸ್ಟೇಜಿಂಗ್‌ನಲ್ಲಿ (ಪ್ರೊಡಕ್ಷನ್‌ಗೆ ಮುಂಚಿನ ಪರೀಕ್ಷಾ ಸಿಸ್ಟಮ್‌ನಲ್ಲಿ) ಓಡಿಸಿ ತೋರಿಸಿ. ರೋಲ್‌ಬ್ಯಾಕ್ ಕಣ್ಣಾರೆ ನೋಡಿದ ಆಪರೇಷನ್ಸ್‌ನವರು ಮುಂದಿನ ಸಲ ಆಡುವ ಮಾತೇ ಬೇರೆ ಇರುತ್ತದೆ.

ಇನ್ನೊಂದು, ರಿಲೀಸ್ ಆದ ರಾತ್ರಿ ಮೊದಲ ಫೋನ್ ನನಗೇ ಮಾಡಿ ಅನ್ನಿ. ಅಂದಮೇಲೆ ಫೋನ್ ಎತ್ತಿ. ಇಷ್ಟು ಮಾಡಿದವರ ಮಾತಿಗೆ ಪದವಿ ಇಲ್ಲದಿದ್ದರೂ ತೂಕ ಬರುತ್ತದೆ.

ಸಂಬಂಧ ಸ್ವಲ್ಪ ಸುಧಾರಿಸಿದ ಮೇಲೆ ಎರಡೂ ಕಡೆಯವರು ಸೇರಿ ಒಂದು ಸಂಖ್ಯೆ ಒಪ್ಪಿಕೊಳ್ಳಬಹುದು. ಸೇವೆ 99.9% ಸಮಯ ನಡೆಯಬೇಕು ಅಂತ ಒಪ್ಪಿದರೆ 30 ದಿನದಲ್ಲಿ ಸುಮಾರು 43 ನಿಮಿಷ ನಿಂತರೂ ಸಹಿಸಬಹುದು ಅಂತಾಯಿತು. ಅದರೊಳಗೆ ಇರುವವರೆಗೆ ರಿಲೀಸ್ ನಡೆಯಲಿ, ಮೀರಿದರೆ ಹೊಸ ಫೀಚರ್ ನಿಲ್ಲಿಸಿ ಸ್ಥಿರತೆಯ ಕೆಲಸ ಮಾಡೋಣ. ಗೂಗಲ್‌ನ ಎಸ್‌ಆರ್‌ಇ (ಸೈಟ್ ರಿಲಯಬಿಲಿಟಿ ಇಂಜಿನಿಯರಿಂಗ್) ತಂಡಗಳು ಇದನ್ನು ಎರರ್ ಬಜೆಟ್ ಅಂತ ಕರೆಯುತ್ತವೆ. ಆಪರೇಷನ್ಸ್‌ನವರಿಗೆ ಇದು ಇಷ್ಟವಾಗುತ್ತದೆ, ಯಾಕೆಂದರೆ ಮೊದಲ ಸಲ ಅವರ ಬ್ರೇಕ್‌ಗೆ ಒಂದು ಲಿಖಿತ ಆಧಾರ ಸಿಗುತ್ತದೆ, ಜಗಳ ಮಾಡದೆ ನಿಲ್ಲಿಸಿ ಅನ್ನಬಹುದು.

ಪ್ರತಿ ಬದಲಾವಣೆಯೂ ವಾರಕ್ಕೊಮ್ಮೆ ಸೇರುವ ಚೇಂಜ್ ಕಮಿಟಿ ಮುಂದೆ ಹೋಗಬೇಕು. ಅದನ್ನು ತೆಗೆಸುವುದು ಹೇಗೆ?

ತೆಗೆಸಲು ಹೋಗಬೇಡಿ. ನಿಮ್ಮ ಬದಲಾವಣೆಗಳು ಅಲ್ಲಿಗೆ ಹೋಗುವ ಅಗತ್ಯ ಕಡಿಮೆ ಮಾಡಿ.

ಕಮಿಟಿ ಇಟ್ಟುಕೊಂಡಿರುವ ಕಂಪನಿಗಳು ಸಾಮಾನ್ಯವಾಗಿ ಐಟಿಐಎಲ್ ಅನ್ನುವ, ಐಟಿ ಸೇವೆಗಳನ್ನು ನಿರ್ವಹಿಸುವ ಪದ್ಧತಿ ಅನುಸರಿಸುತ್ತವೆ. ಐಟಿಐಎಲ್‌ನಲ್ಲೇ ಸ್ಟ್ಯಾಂಡರ್ಡ್ ಚೇಂಜ್ ಅಂತ ಒಂದು ವರ್ಗವಿದೆ. ಅಪಾಯ ಕಡಿಮೆ, ವಿಧಾನ ಗೊತ್ತಿರುವಂಥದ್ದು, ಮತ್ತೆ ಮತ್ತೆ ನಡೆಯುವಂಥದ್ದು ಆದರೆ ಅದಕ್ಕೆ ಮುಂಚಿತವಾಗಿಯೇ ಒಪ್ಪಿಗೆ ಕೊಟ್ಟಿಡಬಹುದು, ಪ್ರತಿ ಸಲ ಕಮಿಟಿ ಮುಂದೆ ನಿಲ್ಲಬೇಕಿಲ್ಲ. ನಿಮ್ಮ ಕಂಪನಿಯ ಪ್ರೊಸೆಸ್ ದಾಖಲೆ ತೆಗೆದು ಓದಿ. ಆ ವರ್ಗ ಅಲ್ಲಿ ಹೆಚ್ಚಾಗಿ ಇದ್ದೇ ಇರುತ್ತದೆ, ಬಳಸುವವರು ಇರುವುದಿಲ್ಲ.

ಒಂದೇ ಬಗೆಯ ಬದಲಾವಣೆ ಆರಿಸಿಕೊಳ್ಳಿ, ಉದಾಹರಣೆಗೆ ಕಾನ್ಫಿಗರೇಶನ್ ಬದಲಾವಣೆ. ಕೆಲವು ತಿಂಗಳು ಕಮಿಟಿ ಮೂಲಕವೇ, ಒಂದೇ ಸ್ಕ್ರಿಪ್ಟ್ ಬಳಸಿ, ಒಂದೇ ರೀತಿಯ ಟೆಸ್ಟ್ ಫಲಿತಾಂಶ ಲಗತ್ತಿಸಿ ಕಳಿಸುತ್ತಾ ಬನ್ನಿ. ಯಾವುದೂ ಕೆಡದೆ ಸಾಲಾಗಿ ದಾಖಲೆ ಕಟ್ಟಿದ ಮೇಲೆ, ಇದನ್ನು ಸ್ಟ್ಯಾಂಡರ್ಡ್ ಚೇಂಜ್ ಮಾಡಬಹುದಾ ಅಂತ ಕಮಿಟಿ ನಡೆಸುವವರನ್ನೇ ಕೇಳಿ. ಅವರಿಗೂ ಫಾರಂ ಓದಿ ಓದಿ ಸಾಕಾಗಿರುತ್ತದೆ.

ಸಂಶೋಧನೆಯ ಬೆಂಬಲವೂ ಇದೆ. ನಿಕೋಲ್ ಫೋರ್ಸ್‌ಗ್ರೆನ್, ಜೆಜ್ ಹಂಬಲ್, ಜೀನ್ ಕಿಮ್ ಅವರ ಡೋರಾ (ಡೆವ್‌ಆಪ್ಸ್ ರಿಸರ್ಚ್ ಅಂಡ್ ಅಸೆಸ್‌ಮೆಂಟ್) ತಂಡ ನಡೆಸಿದ ಸಮೀಕ್ಷೆಗಳಲ್ಲಿ, ತಂಡದ ಹೊರಗಿನವರ ಒಪ್ಪಿಗೆ ಬೇಕಾದ ಕಡೆ ಬದಲಾವಣೆಗೆ ಹಿಡಿಯುವ ಸಮಯ ಹೆಚ್ಚು, ಡಿಪ್ಲಾಯ್ ಕಡಿಮೆ, ಬಿದ್ದ ಸೇವೆ ಎದ್ದು ನಿಲ್ಲುವುದೂ ನಿಧಾನ ಅಂತ ಕಂಡುಬಂತು. ಬದಲಾವಣೆಗಳು ಕೆಡುವ ಪ್ರಮಾಣ ಕಡಿಮೆಯಾಗಿದ್ದು ಮಾತ್ರ ಕಾಣಲಿಲ್ಲ. ಇದನ್ನು ಕಮಿಟಿಯವರ ಮುಖಕ್ಕೆ ಹಿಡಿಯಬೇಡಿ. ನಿಮ್ಮ ಕಡೆ ಒಲವಿರುವ ಒಬ್ಬ ಮ್ಯಾನೇಜರ್ ಸಿಕ್ಕಾಗ ಅವರ ಕೈಗೆ ಕೊಡಿ.

ಆಡಿಟ್‌ನವರು ಬಿಡುವುದಿಲ್ಲ ಅಂತಾರೆ. ನಿಜವಾ?

ಆಡಿಟರ್ ಜೊತೆ ನೇರವಾಗಿ ಮಾತಾಡಿದವರು ಯಾರು ಅಂತ ಮೊದಲು ಕೇಳಿ. ಎಷ್ಟೋ ಸಲ ಯಾರೂ ಇರುವುದಿಲ್ಲ, ಎಷ್ಟೋ ವರ್ಷದ ಹಿಂದೆ ಯಾರೋ ಹೇಳಿದ್ದು ನಿಯಮವಾಗಿ ಕೂತಿರುತ್ತದೆ.

ಆಡಿಟ್‌ಗೆ ಬೇಕಾದ್ದು ಸಾಮಾನ್ಯವಾಗಿ ಇಷ್ಟು: ಒಬ್ಬರೇ ಬರೆದು ಒಬ್ಬರೇ ಪ್ರೊಡಕ್ಷನ್‌ಗೆ ಹಾಕಬಾರದು, ಯಾರು ಯಾವಾಗ ಏನು ಬದಲಿಸಿದರು ಅನ್ನುವುದಕ್ಕೆ ದಾಖಲೆ ಇರಬೇಕು, ಆ ದಾಖಲೆಯನ್ನು ಯಾರೂ ತಿದ್ದುವಂತಿರಬಾರದು. ಇನ್ನೊಬ್ಬರ ರಿವ್ಯೂ ಇಲ್ಲದೆ ಮರ್ಜ್ ಆಗದ (ಮುಖ್ಯ ಕೋಡ್‌ಗೆ ಸೇರದ) ಬ್ರಾಂಚ್, ಟೆಸ್ಟ್ ಪಾಸಾಗದೆ ಮುಂದೆ ಹೋಗದ ಪೈಪ್‌ಲೈನ್ (ಬಿಲ್ಡ್, ಟೆಸ್ಟ್, ಡಿಪ್ಲಾಯ್ ತಾನಾಗಿಯೇ ನಡೆಯುವ ಸರಣಿ), ಪ್ರೊಡಕ್ಷನ್ ಸರ್ವರ್‌ಗೆ ಯಾರೂ ನೇರವಾಗಿ ಲಾಗಿನ್ ಆಗದಿರುವುದು ಇವು ಸಹಿ ಹಾಕಿದ ಫಾರಂಗಿಂತ ಗಟ್ಟಿ ಸಾಕ್ಷಿ. ಕಂಪ್ಲಯನ್ಸ್‌ನವರ (ನಿಯಮ ಪಾಲನೆ ನೋಡುವವರ) ಜೊತೆ ಅರ್ಧ ಗಂಟೆ ಕೂತು ಒಂದು ಬದಲಾವಣೆಯ ಪೂರ್ತಿ ಜಾಡು ತೋರಿಸಿ. ಅವರು ನಿಮ್ಮ ಪಕ್ಷಕ್ಕೆ ಬಂದರೆ ಅದಕ್ಕಿಂತ ದೊಡ್ಡ ಬೆಂಬಲ ಇನ್ನೊಂದಿಲ್ಲ. ಭದ್ರತಾ ತಂಡಕ್ಕೂ ಇದೇ ಮಾತು: ಕೊನೆಯ ವಾರ ಕರೆಯಬೇಡಿ, ಶುರುವಿನಲ್ಲೇ ಕರೆಯಿರಿ.

ಮ್ಯಾನೇಜರ್‌ಗೆ ಇದನ್ನು ಹೇಗೆ ಹೇಳಲಿ?

ಅವರು ಈಗಾಗಲೇ ಚಿಂತೆ ಮಾಡುತ್ತಿರುವ ವಿಷಯದಿಂದ ಶುರು ಮಾಡಿ. ಪೈಪ್‌ಲೈನ್ ಬೇಕು ಅಂದರೆ ಅವರಿಗೆ ಖರ್ಚು ಕೇಳಿಸುತ್ತದೆ. ಕಳೆದ ಮೂರು ರಿಲೀಸ್‌ಗಳಲ್ಲಿ ಶನಿವಾರ ಎಷ್ಟು ಜನ ಬಂದು ಕೂತರು, ಎಷ್ಟು ಗಂಟೆ ಹೋಯಿತು, ಅದರಲ್ಲಿ ಕೈತಪ್ಪಿನಿಂದ ಆದ ತೊಂದರೆ ಎಷ್ಟು ಅಂತ ಒಂದೇ ಪುಟದಲ್ಲಿ ಕೊಟ್ಟರೆ ಅವರಿಗೆ ಅದು ತಮ್ಮದೇ ಸಮಸ್ಯೆಯಾಗಿ ಕಾಣುತ್ತದೆ. ಜೊತೆಗೆ ಸಣ್ಣ ಬೇಡಿಕೆ ಇಡಿ. ವಾರದಲ್ಲಿ ಅರ್ಧ ದಿನ, ಆರು ವಾರ, ಆಗದಿದ್ದರೆ ಬಿಟ್ಟುಬಿಡುತ್ತೇವೆ. ಇಲ್ಲ ಅನ್ನುವುದಕ್ಕಿಂತ ಸರಿ ಅನ್ನುವುದು ಸುಲಭ ಇರಬೇಕು.

ಕೈಯಲ್ಲಿ ಮಾಡುವ ಡಿಪ್ಲಾಯ್ ಎಷ್ಟು ಅಪಾಯ ಅಂತ ಕೇಳಿದರೆ ನೈಟ್ ಕ್ಯಾಪಿಟಲ್ ಕಥೆ ಹೇಳಬಹುದು. 2012ರ ಆಗಸ್ಟ್ 1. ಅಮೆರಿಕದ ಈ ಷೇರು ವಹಿವಾಟು ಕಂಪನಿಯ ಎಂಟು ಸರ್ವರ್‌ಗಳಿಗೆ ಹೊಸ ಕೋಡ್ ಹಾಕಬೇಕಿತ್ತು, ಏಳಕ್ಕೆ ಮಾತ್ರ ಹೋಗಿತ್ತು. ಎಂಟನೆಯದರಲ್ಲಿ ವರ್ಷಗಳಿಂದ ಬಳಸದ ಹಳೆ ಕೋಡ್ ಇತ್ತು. ಆ ಕೋಡ್ ಚಾಲೂ ಮಾಡುವ ಫ್ಲ್ಯಾಗ್ (ಸ್ವಿಚ್) ಅನ್ನೇ ಹೊಸ ಕೆಲಸಕ್ಕೆ ಮತ್ತೆ ಬಳಸಿದ್ದರಿಂದ ಅದು ಎದ್ದು ಕೂತಿತು. ಗಾಬರಿಯಲ್ಲಿ ಸರಿಯಿದ್ದ ಏಳು ಸರ್ವರ್‌ಗಳಿಂದ ಹೊಸ ಕೋಡ್ ತೆಗೆದರು, ಆಗ ಅಲ್ಲೂ ಹಳೆ ಕೋಡ್ ಓಡಲು ಶುರುವಾಯಿತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ನಷ್ಟು ನಷ್ಟ. ಆ ಡಿಪ್ಲಾಯ್ ಅನ್ನು ಎರಡನೆಯವರು ಪರಿಶೀಲಿಸಬೇಕು ಅನ್ನುವ ಲಿಖಿತ ನಿಯಮ ಇರಲಿಲ್ಲ ಅಂತ ಅಮೆರಿಕದ ಷೇರು ಮಾರುಕಟ್ಟೆ ನಿಯಂತ್ರಕ ಸಂಸ್ಥೆ ಆಮೇಲೆ ದಾಖಲಿಸಿತು.

ಆದರೆ ಹೆದರಿಸಲು ಈ ಕಥೆ ಬಳಸಬೇಡಿ. ಹೆದರಿದ ಮ್ಯಾನೇಜರ್ ಇನ್ನೊಂದು ಸಹಿ, ಇನ್ನೊಂದು ಕಮಿಟಿ ಸೇರಿಸುವ ಸಾಧ್ಯತೆಯೇ ಜಾಸ್ತಿ. ಕಥೆ ಹೇಳಿದ ತಕ್ಷಣ "ನಮ್ಮಲ್ಲಿ ಎಲ್ಲ ಸರ್ವರ್‌ಗಳಲ್ಲಿ ಒಂದೇ ವರ್ಷನ್ ಇದೆಯಾ ಅಂತ ನೋಡುವ ಸ್ಕ್ರಿಪ್ಟ್ ಬರೆದಿದ್ದೇನೆ, ನೋಡ್ತೀರಾ ಸರ್?" ಅಂತ ಮುಂದಿಡಿ.

ಏನನ್ನು ಅಳೆಯಬೇಕು?

ಡೋರಾದವರು ಪ್ರಸಿದ್ಧಿಗೆ ತಂದ ನಾಲ್ಕು ಅಳತೆಗಳು ಸಾಕು. ಎಷ್ಟು ಸಲ ಡಿಪ್ಲಾಯ್ ಮಾಡುತ್ತೀರಿ, ಕಮಿಟ್‌ನಿಂದ ಪ್ರೊಡಕ್ಷನ್‌ಗೆ ಎಷ್ಟು ಸಮಯ, ಅದರಲ್ಲಿ ಎಷ್ಟು ಕೆಡುತ್ತವೆ, ಕೆಟ್ಟಿದ್ದು ಸರಿಯಾಗಲು ಎಷ್ಟು ಹೊತ್ತು. ಮೊದಲೆರಡು ವೇಗ, ಕೊನೆಯೆರಡು ಸ್ಥಿರತೆ. ನಾಲ್ಕನ್ನೂ ಒಟ್ಟಿಗೆ ತೋರಿಸಿ. ವೇಗ ಮಾತ್ರ ತೋರಿಸಿದರೆ ಆಪರೇಷನ್ಸ್‌ನವರ ಹಳೆ ಭಯ ವಾಪಸ್ ಬರುತ್ತದೆ.

ನೀವು ಏನಾದರೂ ಬದಲಿಸುವ ಮುಂಚೆಯೇ ಅಳೆಯಲು ಶುರು ಮಾಡಿ. ಇದನ್ನು ಬಹಳ ಜನ ಮರೆಯುತ್ತಾರೆ. ಆರು ತಿಂಗಳ ನಂತರ ಎಲ್ಲ ಸುಧಾರಿಸಿದಾಗ "ಮೊದಲೂ ಹೀಗೇ ಇತ್ತಲ್ಲ" ಅನ್ನುವವರು ಇರುತ್ತಾರೆ, ಆಗ ತೋರಿಸಲು ಹಳೆ ಅಂಕಿ ಬೇಕು. ಒಂದು ತಂಡವನ್ನು ಇನ್ನೊಂದು ತಂಡದ ಜೊತೆ ಹೋಲಿಸುವ ಪಟ್ಟಿ ಮಾತ್ರ ಮಾಡಬೇಡಿ, ಯಾರು ಕೇಳಿದರೂ ಮಾಡಬೇಡಿ. ಅಂಕಿಯೇ ಗುರಿಯಾದ ದಿನ ಜನ ಅಂಕಿಯನ್ನೇ ತಯಾರು ಮಾಡುತ್ತಾರೆ.

ಯಾವ ಟೂಲ್ ಒಳ್ಳೆಯದು?

ನಿಮ್ಮ ಕಂಪನಿಯಲ್ಲಿ ಈಗಾಗಲೇ ಒಪ್ಪಿಗೆ ಸಿಕ್ಕಿರುವ ಟೂಲ್. ಬಿಲ್ಡ್, ಟೆಸ್ಟ್ ಓಡಿಸುವ ಜೆಂಕಿನ್ಸ್ ಇದ್ದರೆ ಜೆಂಕಿನ್ಸ್, ಬರೀ ಶೆಲ್ ಸ್ಕ್ರಿಪ್ಟ್ ಇದ್ದರೆ ಅದೇ. ಹೊಸ ಟೂಲ್ ತರಿಸಲು ಹೊರಟರೆ ಖರೀದಿ, ಭದ್ರತೆ, ಲೈಸೆನ್ಸ್ ಅಂತ ನಿಮ್ಮ ಉತ್ಸಾಹವೆಲ್ಲ ಅಲ್ಲೇ ಖರ್ಚಾಗುತ್ತದೆ. ಕುಬರ್ನೆಟೀಸ್ (ಅನೇಕ ಸರ್ವರ್‌ಗಳಲ್ಲಿ ಅಪ್ಲಿಕೇಶನ್ ಓಡಿಸುವ ವ್ಯವಸ್ಥೆ) ಬಂದರೆ ಎಲ್ಲ ಸರಿಹೋಗುತ್ತದೆ ಅಂತ ಕಾಯಬೇಡಿ.

ನಮ್ಮದು ಬಹಳ ಹಳೆ ಸಿಸ್ಟಮ್. ಒಂದು ಟೆಸ್ಟ್ ಕೂಡ ಇಲ್ಲ. ಇಲ್ಲಿ ಏನು ಮಾಡಲು ಸಾಧ್ಯ?

ಬೇಕಾದಷ್ಟು ಇದೆ, ಆದರೆ ಕ್ರಮ ಮುಖ್ಯ. ಮೊದಲು ಎಲ್ಲವೂ ಗಿಟ್‌ನಲ್ಲಿ ಇದೆಯಾ ನೋಡಿ. ಕೋಡ್ ಇದ್ದರೂ ಡೇಟಾಬೇಸ್ ಸ್ಕ್ರಿಪ್ಟ್, ಕ್ರಾನ್ ಜಾಬ್ (ನಿಗದಿತ ಸಮಯಕ್ಕೆ ತಾನಾಗಿ ಓಡುವ ಕೆಲಸ), ಸರ್ವರ್ ಕಾನ್ಫಿಗರೇಶನ್ ಹೊರಗೇ ಉಳಿದಿರುತ್ತವೆ. ಆಮೇಲೆ ಬಿಲ್ಡ್ ಒಬ್ಬರ ಲ್ಯಾಪ್‌ಟಾಪ್ ಬಿಟ್ಟು ಬೇರೆ ಯಂತ್ರದಲ್ಲಿ ಆಗುತ್ತದಾ ನೋಡಿ. ಆಗುವ ಹಾಗೆ ಮಾಡಲು ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ, ಹಿಡಿಯಲಿ. ಅದಾದ ಮೇಲೆ ಡಿಪ್ಲಾಯ್ ಸ್ಕ್ರಿಪ್ಟ್, ಡಿಪ್ಲಾಯ್ ಆದ ತಕ್ಷಣ ಓಡುವ ಐದಾರು ಸಣ್ಣ ಚೆಕ್‌ಗಳು: ಲಾಗಿನ್ ಆಗುತ್ತದಾ, ಮುಖ್ಯ ಪುಟ ತೆರೆಯುತ್ತದಾ, ಒಂದು ವ್ಯವಹಾರ ಪೂರ್ತಿಯಾಗುತ್ತದಾ. ಯೂನಿಟ್ ಟೆಸ್ಟ್‌ಗಳು (ಕೋಡ್‌ನ ಸಣ್ಣ ಸಣ್ಣ ಭಾಗಗಳ ಟೆಸ್ಟ್) ಆಮೇಲೆ, ಅದೂ ಹೊಸದಾಗಿ ಮುಟ್ಟುವ ಕೋಡ್‌ಗೆ ಮಾತ್ರ. ಇಡೀ ಹಳೆ ಕೋಡ್‌ಗೆ ಟೆಸ್ಟ್ ಬರೆಯುತ್ತೇನೆ ಅಂತ ಹೊರಟವರು ಅರ್ಧದಲ್ಲೇ ಸುಸ್ತಾಗುತ್ತಾರೆ.

ರಿಲೀಸ್ ಚಿಕ್ಕದು ಮಾಡುವುದಕ್ಕೆ ಟೂಲ್ ಏನೂ ಬೇಡ. ಮೂರು ತಿಂಗಳ ಬದಲಾವಣೆಗಳನ್ನು ಒಂದೇ ರಾತ್ರಿ ಹಾಕಿದಾಗ ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತು ಅಂತ ಹುಡುಕುವುದೇ ದೊಡ್ಡ ಕೆಲಸ. ಎರಡು ಬದಲಾವಣೆ ಹಾಕಿದರೆ ಎರಡನ್ನು ನೋಡಿದರೆ ಸಾಕು. ಅಪಾಯ ಇದೆ, ಅದಕ್ಕೆ ಕಡಿಮೆ ಸಲ ರಿಲೀಸ್ ಮಾಡುತ್ತೇವೆ ಅನ್ನುವವರಿಗೆ ಇದನ್ನು ಸಮಾಧಾನದಿಂದ, ನಿಮ್ಮದೇ ಕಂಪನಿಯ ಹಳೆ ತೊಂದರೆಯೊಂದರ ಉದಾಹರಣೆ ಕೊಟ್ಟು ವಿವರಿಸಿ.

ಎಲ್ಲ ಗೊತ್ತಿರುವ ಹಿರಿಯರೊಬ್ಬರು ಇದ್ದಾರೆ. ಅವರು ಏನನ್ನೂ ಬಿಟ್ಟುಕೊಡುವುದಿಲ್ಲ.

ಹೆಚ್ಚುಕಡಿಮೆ ಎಲ್ಲ ಕಡೆ ಇಂಥವರೊಬ್ಬರು ಇರುತ್ತಾರೆ. ಅವರನ್ನು ಅಡ್ಡಿ ಅಂತ ನೋಡುವುದು ನನಗೆ ಬೇಸರ ತರಿಸುತ್ತದೆ. ವರ್ಷಗಟ್ಟಲೆ ಹಬ್ಬ, ಭಾನುವಾರ ನೋಡದೆ ಆ ಸಿಸ್ಟಮ್ ನಿಲ್ಲದ ಹಾಗೆ ನೋಡಿಕೊಂಡವರು ಅವರು. ಅವರ ಬೆಲೆ ಇರುವುದೇ ಅವರಿಗೆ ಗೊತ್ತಿರುವ ವಿಷಯದಲ್ಲಿ. ನೀವು ಬಂದು ಎಲ್ಲ ಆಟೋಮೇಟ್ ಮಾಡೋಣ ಅಂದಾಗ ಅವರಿಗೆ ಕೇಳಿಸುವುದು "ನೀವು ಇನ್ನು ಬೇಡ" ಅಂತ.

ಹಾಗಾಗಿ ಕಲಿಯಲು ಹೋಗಿ. "ಸರ್, ನೀವು ರಜೆ ಹಾಕಿದಾಗ ಫೋನ್ ಮಾಡಿ ತೊಂದರೆ ಕೊಡಬಾರದು ಅಂತಿದೆ, ಇದೊಂದು ನನಗೆ ಹೇಳಿಕೊಡ್ತೀರಾ?" ಅನ್ನಿ. ಅವರು ಹೇಳಿದ್ದನ್ನು ರನ್‌ಬುಕ್ (ಹಂತ ಹಂತದ ಸೂಚನೆಗಳ ಪುಸ್ತಕ) ಆಗಿ ಬರೆಯಿರಿ, ಅವರ ಹೆಸರು ಹಾಕಿ, ಅವರಿಂದಲೇ ತಿದ್ದಿಸಿ. ಮುಂದೆ ಅದರಿಂದ ಸ್ಕ್ರಿಪ್ಟ್ ಬರೆದಾಗ ರಿವ್ಯೂ ಮಾಡುವವರು ಅವರೇ ಆಗಿರಲಿ. ಯಾವ ಸರ್ವರ್‌ಗೆ ಮೂರು ನಿಮಿಷ ಕಾಯಬೇಕು, ಯಾವ ಸರ್ವೀಸ್ ಮೊದಲು ನಿಲ್ಲಿಸಬೇಕು ಅನ್ನುವುದು ಅವರ ತಲೆಯಲ್ಲಿ ಮಾತ್ರ ಇರುತ್ತದೆ, ಅದಿಲ್ಲದ ಸ್ಕ್ರಿಪ್ಟ್ ಅಪಾಯಕಾರಿ. ಸ್ಕ್ರಿಪ್ಟ್ ಚೆನ್ನಾಗಿ ಓಡಿದಾಗ ಮೀಟಿಂಗ್‌ನಲ್ಲಿ ಅವರ ಹೆಸರು ಮೊದಲು ಹೇಳಿ. ಕೆಲವರು ಇಷ್ಟಾದರೂ ಬದಲಾಗುವುದಿಲ್ಲ. ಅವರ ಜೊತೆ ಗುದ್ದಾಡದೆ, ಅವರ ದಾರಿಗೆ ಅಡ್ಡ ಬರದ ಕಡೆ ಕೆಲಸ ಮುಂದುವರಿಸಿ.

ಏನಾದರೂ ಕೆಟ್ಟರೆ ನನ್ನ ತಲೆಗೇ ಬರುತ್ತದಲ್ಲ?

ಬರಬಹುದು. ಅದಕ್ಕೇ ಸಣ್ಣದಾಗಿ, ಹಗಲು ಹೊತ್ತು, ವಾಪಸ್ ತಿರುಗುವ ದಾರಿ ಇಟ್ಟುಕೊಂಡು ಮಾಡಿ.

ತೊಂದರೆಯಾದಾಗ ದೂಷಣೆ ಇಲ್ಲದ ಪರಿಶೀಲನೆ ನಡೆಸುವ ಅಭ್ಯಾಸವನ್ನು ಇಡೀ ಕಂಪನಿಗೆ ತರಲು ನಿಮ್ಮಿಂದ ಆಗದು, ನಿಮ್ಮ ಐದಾರು ಜನರ ತಂಡದಲ್ಲಿ ಆಗುತ್ತದೆ. 2017ರ ಜನವರಿ 31ರಂದು ಕೋಡ್ ಇಡುವ ಸೇವೆ ಕೊಡುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ನಡೆದದ್ದು ಒಳ್ಳೆ ಮಾದರಿ. ಒಬ್ಬ ಇಂಜಿನಿಯರ್ ಎರಡನೇ ಡೇಟಾಬೇಸ್ ಸರ್ವರ್ ಅಂದುಕೊಂಡು ಮುಖ್ಯ ಸರ್ವರ್‌ನ ಡೇಟಾ ಡೈರೆಕ್ಟರಿ ಅಳಿಸಿಬಿಟ್ಟರು. ಬ್ಯಾಕಪ್ ನೋಡಿದರೆ ಅದು ಓಡುತ್ತಲೇ ಇರಲಿಲ್ಲ, ಬ್ಯಾಕಪ್ ಟೂಲ್‌ನ ವರ್ಷನ್ ಡೇಟಾಬೇಸ್‌ಗೆ ಹೊಂದುತ್ತಿರಲಿಲ್ಲ, ಹಾಗಂತ ಎಚ್ಚರಿಸುವ ಇಮೇಲ್‌ಗಳೂ ಯಾರಿಗೂ ತಲುಪಿರಲಿಲ್ಲ. ಸುಮಾರು ಆರು ಗಂಟೆಯ ಡೇಟಾ ಹೋಯಿತು. ಕಂಪನಿ ಎಲ್ಲವನ್ನೂ ಬಹಿರಂಗವಾಗಿ ಬರೆಯಿತು, ವರದಿಯಲ್ಲಿ ಆ ಇಂಜಿನಿಯರ್ ಹೆಸರು ಹಾಕಲಿಲ್ಲ. ಒಬ್ಬರನ್ನು ಬೈದು ಮುಗಿಸಿದ್ದರೆ ಓಡದ ಬ್ಯಾಕಪ್ ಹಾಗೇ ಉಳಿಯುತ್ತಿತ್ತು ಅಲ್ವಾ?

ನಿಮ್ಮ ತಂಡದಲ್ಲೂ ಹೀಗೇ ಬರೆಯಿರಿ. ಏನಾಯಿತು, ಆ ಹೊತ್ತಿನಲ್ಲಿ ಆ ವ್ಯಕ್ತಿಗೆ ಏನು ಕಾಣುತ್ತಿತ್ತು, ಮುಂದೆ ಏನು ಬದಲಿಸುತ್ತೇವೆ. ಬರೆದಿದ್ದನ್ನು ಪಕ್ಕದ ತಂಡಕ್ಕೆ ಕಳಿಸಿ.

ಅನುಮತಿ ಕೇಳದೆ ಮಾಡಿ, ಆಮೇಲೆ ಕ್ಷಮೆ ಕೇಳಿದರೆ ಹೇಗೆ?

ನಿಮ್ಮ ತಂಡದ ಬಿಲ್ಡ್, ಟೆಸ್ಟ್, ಸ್ಥಳೀಯ ಎನ್ವಿರಾನ್‌ಮೆಂಟ್‌ಗೆ ಯಾರನ್ನೂ ಕೇಳಬೇಕಿಲ್ಲ, ಮಾಡಿ. ಪ್ರೊಡಕ್ಷನ್, ಗ್ರಾಹಕರ ಡೇಟಾ, ಪಾಸ್‌ವರ್ಡ್, ಇನ್ನೊಂದು ತಂಡದ ಸರ್ವರ್ ಇವುಗಳಲ್ಲಿ ಗುಟ್ಟಾಗಿ ಏನೂ ಮಾಡಬೇಡಿ. ಒಂದು ಸಲ ಸಿಕ್ಕಿಬಿದ್ದರೆ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ. ಅಧಿಕಾರ ಇಲ್ಲದವರ ಕೈಯಲ್ಲಿ ಇರುವುದು ಅದೊಂದೇ.

"ಡೆವ್‌ಆಪ್ಸ್ ಟೀಮ್" ಅಂತ ಹೊಸದಾಗಿ ಮಾಡುತ್ತೇವೆ ಅಂತಿದ್ದಾರೆ. ಸೇರಲಾ?

ಆ ತಂಡ ಬೇರೆ ತಂಡಗಳು ತಾವೇ ಬಳಸುವ ಪೈಪ್‌ಲೈನ್, ಟೆಂಪ್ಲೇಟ್ ಕೊಡುವುದಾದರೆ ಸೇರಿ. ಎಲ್ಲರ ಡಿಪ್ಲಾಯ್ ಟಿಕೆಟ್ ತಗೊಂಡು ಮಾಡಿಕೊಡುವುದಾದರೆ ಡೆವಲಪ್‌ಮೆಂಟ್ ಮತ್ತು ಆಪರೇಷನ್ಸ್ ನಡುವೆ ಇನ್ನೊಂದು ಗೋಡೆ ಎದ್ದಂತೆ. ಸೇರುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಡಿಪ್ಲಾಯ್ ಬಟನ್ ಯಾರು ಒತ್ತುತ್ತಾರೆ?

ಇದಕ್ಕೆ ಎಷ್ಟು ಕಾಲ ಹಿಡಿಯುತ್ತದೆ? ಯಾರೂ ಗಮನಿಸುತ್ತಲೇ ಇಲ್ಲ.

ಒಂದು ತಂಡದಲ್ಲಿ ಬದಲಾವಣೆ ಕಾಣಲು ತಿಂಗಳುಗಳು, ಇಡೀ ವಿಭಾಗದಲ್ಲಿ ವರ್ಷಗಳು. ಹೊಸ ವಿಷಯಗಳು ಜನರಲ್ಲಿ ಹೇಗೆ ಹರಡುತ್ತವೆ ಅಂತ ಎವರೆಟ್ ರಾಜರ್ಸ್ 1962ರಲ್ಲಿ ವಿವರಿಸಿದ್ದರು. ಅವರ ಲೆಕ್ಕದಲ್ಲಿ ಮೊದಲೇ ಮುನ್ನುಗ್ಗುವವರು 2.5%, ಅವರ ಹಿಂದೆಯೇ ಬರುವವರು 13.5%, ಅದರ ನಂತರವೇ ದೊಡ್ಡ ಗುಂಪು. ದೊಡ್ಡ ಗುಂಪು ನಿಮ್ಮ ಸ್ಲೈಡ್ ನೋಡಿ ಬರುವುದಿಲ್ಲ, ತಮ್ಮಂಥವರೇ ಒಬ್ಬರು ಮಾಡಿ ನೆಮ್ಮದಿಯಾಗಿದ್ದನ್ನು ನೋಡಿ ಬರುತ್ತದೆ. ಹಾಗಾಗಿ ಗಟ್ಟಿಯಾಗಿ ವಿರೋಧಿಸುವವರನ್ನು ಒಲಿಸಲು ಮೊದಲ ವರ್ಷ ಖರ್ಚು ಮಾಡಬೇಡಿ. ಕುತೂಹಲದಿಂದ ಒಂದು ಪ್ರಶ್ನೆ ಕೇಳಿದವರನ್ನು ಹುಡುಕಿ, ಅವರ ತಂಡದಲ್ಲಿ ಕೂತು ಅವರ ಪೈಪ್‌ಲೈನ್ ಕಟ್ಟಿಸಿ. ಎರಡನೇ ತಂಡ ನಿಮ್ಮ ಸಹಾಯವಿಲ್ಲದೆ ಮೂರನೆಯದಕ್ಕೆ ಹೇಳಿಕೊಟ್ಟರೆ ಇನ್ನು ಇದು ನಿಲ್ಲುವುದಿಲ್ಲ ಅಂತ ತಿಳಿಯಿರಿ.

ಕೆಲಸ ನಾನು ಮಾಡಿದೆ, ಹೆಸರು ಬೇರೆಯವರಿಗೆ ಹೋಯಿತು.

ನೋವಾಗುತ್ತದೆ, ಅದು ಸಹಜ. ನೀವು ಶುರು ಮಾಡಿದ್ದನ್ನು ಇನ್ನೊಬ್ಬರು ತಮ್ಮದು ಅಂದುಕೊಂಡರೆ ಅದು ಉಳಿಯುವ ಸಾಧ್ಯತೆ ಹೆಚ್ಚು ಅನ್ನುವುದೂ ನಿಜ. ಆದರೆ ನಿಮ್ಮ ಅಪ್ರೈಸಲ್‌ಗೆ ಬೇಕಾದ ದಾಖಲೆ ನೀವು ಇಟ್ಟುಕೊಳ್ಳಲೇಬೇಕು. ಮೊದಲಿನ ಅಂಕಿ, ಈಗಿನ ಅಂಕಿ, ನೀವು ಬರೆದ ಸ್ಕ್ರಿಪ್ಟ್‌ಗಳ ಪಟ್ಟಿ, ಧನ್ಯವಾದ ಹೇಳಿದ ಇಮೇಲ್‌ಗಳು. ಉದಾರವಾಗಿರಿ, ಆದರೆ ನಿಮ್ಮ ಕೆಲಸವನ್ನೇ ಮರೆಮಾಚಬೇಡಿ.

ಯಾವಾಗ ಕೈಬಿಡಬೇಕು?

ಸಮಾಜಶಾಸ್ತ್ರಜ್ಞ ರಾನ್ ವೆಸ್ಟ್ರಮ್ ಸಂಸ್ಥೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಕೆಟ್ಟ ಸುದ್ದಿ ತಂದವರನ್ನು ಶಿಕ್ಷಿಸುವವು, ನಿಯಮದ ಹಿಂದೆ ಕೂತು ಅವರನ್ನು ಕಡೆಗಣಿಸುವವು, ಸುದ್ದಿ ತರುವುದನ್ನು ಕಲಿಸುವವು. ಎರಡನೇ ಬಗೆಯಲ್ಲಿ ಈ ಪುಟದ ಎಲ್ಲ ಉಪಾಯಗಳೂ ನಡೆಯುತ್ತವೆ, ನಿಧಾನವಾಗಿಯಾದರೂ. ಮೊದಲ ಬಗೆಯಲ್ಲಿ ಕೆಳಗಿನಿಂದ ತಂದ ಬದಲಾವಣೆ ನಿಲ್ಲುವುದು ಬಹಳ ಕಷ್ಟ. ತೊಂದರೆ ತೋರಿಸಿದವರ ರೇಟಿಂಗ್ ಇಳಿಯುತ್ತಿದ್ದರೆ, ಪೋಸ್ಟ್‌ಮಾರ್ಟಂ (ತೊಂದರೆಯ ನಂತರದ ಪರಿಶೀಲನೆ) ಅಂದರೆ ಯಾರನ್ನು ಹಿಡಿಯೋಣ ಅಂತಿದ್ದರೆ, ನಿಮಗೆ ಸಹಾಯ ಮಾಡಿದವರಿಗೂ ಅದರಿಂದ ಪೆಟ್ಟು ಬೀಳುತ್ತಿದ್ದರೆ ಅಲ್ಲಿ ನಿಮ್ಮ ಆರೋಗ್ಯ ಕಳೆದುಕೊಳ್ಳಬೇಡಿ. ಬೇರೆ ತಂಡ ನೋಡಿ, ಆಗದಿದ್ದರೆ ಬೇರೆ ಕಂಪನಿ ನೋಡಿ.

ಹೊರಡುವ ಮುಂಚೆ ಸ್ಕ್ರಿಪ್ಟ್‌ಗಳು ನಿಮ್ಮ ಹೋಮ್ ಡೈರೆಕ್ಟರಿ ಬಿಟ್ಟು ತಂಡದ ಗಿಟ್‌ನಲ್ಲಿ ಇವೆಯಾ, ಪೈಪ್‌ಲೈನ್ ನಿಮ್ಮ ವೈಯಕ್ತಿಕ ಅಕೌಂಟ್ ಮೇಲೆ ಓಡುತ್ತಿಲ್ಲ ತಾನೇ ಅಂತ ನೋಡಿ. ಕೊನೆಯ ಎರಡು ವಾರದ ಡಿಪ್ಲಾಯ್‌ಗಳನ್ನು ನೀವು ಕೀಬೋರ್ಡ್ ಮುಟ್ಟದೆ ಬೇರೆಯವರಿಂದಲೇ ಮಾಡಿಸಿ. ಅವರು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೋ ಅದನ್ನು ರನ್‌ಬುಕ್‌ಗೆ ಸೇರಿಸಿ.